ಕಲ್ಲಕ್ಕ ಕೈ ತೋರಿದ ಕಡೆಗೆ ಚಕ್ರ

ಬೆಳಗಿನ ಐದೂಕಾಲು. ಎದುರಿನ ಶಿಖರದ ತುದಿಗಷ್ಟೇ ಬೆಳಕು ತಾಗಿದೆ. ಕೆಳಗೆ ಹುಲ್ಲುಗಾವಲಿನಲ್ಲಿ ಹಾಕಿದ ಹತ್ತು ಟೆಂಟುಗಳು ಇನ್ನೂ ಮಬ್ಬಿನಲ್ಲಿವೆ. ಒಂದೆರಡರ ಒಳಗಿನಿಂದ ಗೊರಕೆ ಸರಾಗವಾಗಿ ಬರುತ್ತಿದೆ. ಸಾಲಾಗಿ ನಿಂತ ಆರು ಜೀಪುಗಳ ಗಾಜಿನ ಮೇಲೆ ಇಬ್ಬನಿ ಹರಳುಗಟ್ಟಿದೆ. ಅಡುಗೆಯವರು ಸ್ಟೋವ್ ಹಚ್ಚುವುದಕ್ಕೂ ಮೊದಲೇ ಒಬ್ಬ ಹೆಂಗಸು ಬೂಟಿನ ಲೇಸು ಬಿಗಿದುಕೊಂಡು, ಕೈಯಲ್ಲೊಂದು ಕಬ್ಬಿಣದ ಸರಳು ಹಿಡಿದು, ಗಾಡಿಗಳು ಈ ದಿನ ಹತ್ತಬೇಕಾದ ಇಳಿಜಾರಿನತ್ತ ಒಬ್ಬರೇ ನಡೆಯುತ್ತಿದ್ದಾರೆ.

ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಾರೆ. ಒಂದು ಕಲ್ಲಿನ ಮೇಲೆ ಪಾದ ಊರಿ, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ಸೊಂಟವನ್ನು ತುಸು ಆಡಿಸುತ್ತಾರೆ. ಕಲ್ಲು ಅಲುಗುವುದಿಲ್ಲ. "ಇದು ಕೂತಿದೆ," ಎಂದು ತಮಗೆ ತಾವೇ ಹೇಳಿಕೊಂಡು ಮುಂದಕ್ಕೆ ಹೋಗುತ್ತಾರೆ. ಇನ್ನೊಂದು ಕಲ್ಲು, ನೋಡುವುದಕ್ಕೆ ಮೊದಲನೆಯದಕ್ಕಿಂತ ದೊಡ್ಡದು, ಗಟ್ಟಿಮುಟ್ಟು. ಅದರ ಬುಡಕ್ಕೆ ಸರಳು ತೂರಿಸಿ ಮೀಟುತ್ತಾರೆ. "ಇದು ಕೂತ ಹಾಗೆ ನಾಟಕ ಮಾಡ್ತಿದೆ. ಚಕ್ರ ಹತ್ತಿದ್ರೆ ಮಗ್ಗುಲು ಬದಲಾಯಿಸುತ್ತೆ." ಸರಳಿಗೆ ಎದೆ ಕೊಟ್ಟು ಅದನ್ನು ದಾರಿಯಿಂದ ಆಚೆ ಉರುಳಿಸುತ್ತಾರೆ. ಕಲ್ಲು ಗಡಗಡ ಸದ್ದು ಮಾಡುತ್ತ ಕೆಳಕ್ಕೆ ಹೋದರೂ ಟೆಂಟುಗಳಲ್ಲಿ ಯಾರಿಗೂ ಎಚ್ಚರವಾಗುವುದಿಲ್ಲ.

ಇವರ ವಯಸ್ಸು ಐವತ್ತಮೂರು. ಬೆಟ್ಟಸಾಲಿನಲ್ಲಿ ನಾಲ್ಕು ದಿನದ ಜೀಪ್ ಪ್ರವಾಸ ನಡೆಸುವ ಸಣ್ಣ ಕಂಪನಿಯೊಂದರಲ್ಲಿ ಹನ್ನೊಂದು ವರ್ಷದಿಂದ ಕೆಲಸ. ಎಲ್ಲರ ಬಾಯಲ್ಲೂ ಇವರು 'ಕಲ್ಲಕ್ಕ'. ರಸ್ತೆ ಇಲ್ಲದ ಕಡೆ, ಬಂಡೆಯ ಮೇಲೆ, ಹಳ್ಳದೊಳಗೆ, ಕೊರಕಲಿನಲ್ಲಿ ಗಾಡಿ ಓಡಿಸುವ ಖುಷಿಗೆಂದು ನಗರದಿಂದ ಬರುವವರಿಗೆ, ಯಾವ ಚಕ್ರವನ್ನು ಎಲ್ಲಿ ಇಡಬೇಕೆಂದು ಕೈಸನ್ನೆಯಲ್ಲಿ ತೋರಿಸುವುದೇ ಇವರ ಕೆಲಸ. ಸ್ಟೇರಿಂಗ್ ಹಿಡಿದವರಿಗೆ ಬಾನೆಟ್ಟಿನ ಆಚೆ ಆಕಾಶ ಕಾಣುತ್ತದೆಯೇ ಹೊರತು ಚಕ್ರದ ಕೆಳಗೇನಿದೆ ಎಂಬುದು ಕಾಣುವುದಿಲ್ಲ. ಅವರ ಬದಲು ನೋಡುವವರು ಕಲ್ಲಕ್ಕ.

ಎಂಟೂವರೆಗೆ ಮೊದಲ ಗಾಡಿ ಇಳಿಜಾರಿನ ಬುಡಕ್ಕೆ ಬರುತ್ತದೆ. ಕಲ್ಲಕ್ಕ ಅದರ ಮೂತಿಗೆ ಎದುರಾಗಿ, ಹತ್ತಡಿ ದೂರದಲ್ಲಿ ನಿಂತು ಎರಡೂ ಕೈ ಎತ್ತುತ್ತಾರೆ. ಕೈಗೆ ಕಿತ್ತಳೆ ಬಣ್ಣದ ಗವಸು, ಹೆಬ್ಬೆರಳಿಗೆ ಮಾತ್ರ ಕಡುಗೆಂಪು ಬಟ್ಟೆ. ಬೆರಳು ಮಡಚಿ ಎದೆಯ ಕಡೆ ಎಳೆದುಕೊಂಡರೆ ಬಾ ಎಂದರ್ಥ. ಹೆಬ್ಬೆರಳು ಯಾವ ಕಡೆ ವಾಲಿದರೆ ಸ್ಟೇರಿಂಗ್ ಆ ಕಡೆ. ಅಂಗೈ ಮೆಲ್ಲಗೆ ಒತ್ತಿದರೆ ನಿಧಾನ. ಮುಷ್ಟಿ ಬಿಗಿದರೆ ನಿಲ್ಲಬೇಕು. ಯಾಕೆ ಅಂತ ಕೇಳುವ ಹಾಗಿಲ್ಲ. ಕೇಳುವುದಿದ್ದರೆ ನಿಂತ ಮೇಲೆ ಕೇಳಬೇಕು. ಗಾಡಿ ಏರುತ್ತ ಬಂದಂತೆ ಅವರು ಹಿಂದುಹಿಂದಕ್ಕೆ ನಡೆಯುತ್ತಾರೆ, ಒಮ್ಮೆಯೂ ತಿರುಗಿ ನೋಡದೆ. ದಾರಿ ಬೆಳಿಗ್ಗೆಯೇ ಪಾದಕ್ಕೆ ಬಾಯಿಪಾಠವಾಗಿದೆ.

ನಾಲ್ಕು ದಿನದಲ್ಲಿ ಗಾಡಿಗಳು ಓಡುವುದು ನೂರಾ ಮೂವತ್ತು ಕಿಲೋಮೀಟರು. ಅದರಲ್ಲಿ ಕಲ್ಲಕ್ಕ ಇಳಿಯಲೇಬೇಕಾದ ಜಾಗ ಇಪ್ಪತ್ತಮೂರು. ಆರು ಗಾಡಿಗಳಿದ್ದರೆ ಒಂದೊಂದು ಜಾಗದಲ್ಲೂ ಆರು ಸಲ ಹಿಂದಕ್ಕೆ ನಡೆದು ಹತ್ತಬೇಕು, ಐದು ಸಲ ಮುಂದಕ್ಕೆ ನಡೆದು ಇಳಿಯಬೇಕು. ವರ್ಷಕ್ಕೆ ಐದು ತಿಂಗಳ ಸೀಸನ್, ಇಪ್ಪತ್ತೊಂದೋ ಇಪ್ಪತ್ತೆರಡೋ ಪ್ರವಾಸ. ಎಷ್ಟು ಕಿಲೋಮೀಟರ್ ಹಿಂದಕ್ಕೆ ನಡೆದಿರಬಹುದು ಎಂದು ಕೇಳಿದರೆ ಅವರು ನಗುತ್ತಾರೆ. "ಲೆಕ್ಕ ಇಟ್ಟಿಲ್ಲ. ಮಂಡಿ ಇಟ್ಟಿರಬಹುದು, ಅದನ್ನೇ ಕೇಳಿ."

ಕಂಪನಿಯ ಬಣ್ಣದ ಪುಸ್ತಿಕೆಯಲ್ಲಿ ತಂಡದ ನಾಯಕರ ಫೋಟೋ ಇದೆ, ಇಬ್ಬರು ಮೆಕ್ಯಾನಿಕ್ಕುಗಳದಿದೆ, ಅಡುಗೆಯವರದೂ ಇದೆ. ಕಲ್ಲಕ್ಕ ಇರುವುದು ನಾಲ್ಕನೇ ಪುಟದಲ್ಲಿ. ಬಂಡೆಯೊಂದನ್ನು ಹತ್ತುತ್ತಿರುವ ಜೀಪಿನ ಚೆಂದದ ಚಿತ್ರ. ಎಡಮೂಲೆಯಲ್ಲಿ ಅಂಚಿಗೆ ಕತ್ತರಿಸಿಹೋದ ಒಂದು ಕಿತ್ತಳೆ ಗವಸು.

ಊರಿನಲ್ಲಿ ಅವರ ಮನೆ ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಅದರ ಮುಂದೆ ಗಂಡ. ಅವರು ದರ್ಜಿ, ಶಾಲೆಯ ಸಮವಸ್ತ್ರ, ಪರದೆ, ಟೆಂಟಿನ ಹರಿದ ಮೂಲೆ ಎಲ್ಲ ಹೊಲಿಯುತ್ತಾರೆ. ಗವಸಿಗೆ ಕೆಂಪು ಹೆಬ್ಬೆರಳು ಹಚ್ಚಿದ್ದು ಅವರದೇ ತಲೆ. "ಮಂಜು ಬಿದ್ದರೆ ಬೆರಳು ಕಾಣಲ್ಲ ಅಂತ ಇವಳು ಗೊಣಗ್ತಿದ್ದಳು. ಕೆಂಪು ಬಟ್ಟೆ ಚೂರು ಬಿದ್ದಿತ್ತು, ಹಚ್ಚಿಕೊಟ್ಟೆ," ಎನ್ನುತ್ತಾರೆ. "ಮನೆಯಲ್ಲೂ ಇವಳದು ಅದೇ ಚಾಳಿ ನೋಡಿ. ಮಂಚ ಸರಿಸುವಾಗ ಬಾಯಿ ಬಿಡಲ್ಲ, ಕೈಸನ್ನೆ ಮಾಡ್ತಾಳೆ. ನಾನು ಹಿಂದಕ್ಕೆ ಮುಂದಕ್ಕೆ ಹೋಗ್ತಾ ಇರ್ಬೇಕು."

ಒಳಗಿನ ಕೋಣೆಯಿಂದ ಅತ್ತೆಯ ದನಿ ಬರುತ್ತದೆ. ಎಂಬತ್ತು ದಾಟಿದ ಜೀವ, ಕಿವಿ ಮಾತ್ರ ಚುರುಕು. "ಹಿಂದೆ ಹಿಂದೆ ನಡೆದು ನಡೆದು ಯಾವತ್ತಾದ್ರೂ ಒಂದಿನ ಬಾವಿಗೆ ಬೀಳ್ತೀಯ ಅಂತ ಎಷ್ಟು ಸಲ ಹೇಳಿದೀನಿ."

"ಬೆಟ್ಟದಲ್ಲಿ ಬಾವಿ ಇರಲ್ಲ, ಅತ್ತೆ," ಎನ್ನುತ್ತಾರೆ ಕಲ್ಲಕ್ಕ.

"ಪ್ರಪಾತ ಇರುತ್ತಲ್ಲ," ಎನ್ನುತ್ತಾರೆ ಅತ್ತೆ.

ಕಲ್ಲಿನ ಭಾಷೆ ಅವರಿಗೆ ಬಂದದ್ದು ಅಪ್ಪನಿಂದ. ಅಪ್ಪ ರಸ್ತೆ ಕೆಲಸದ ತಂಡದಲ್ಲಿ ಕಲ್ಲು ಕಟ್ಟುವವರು. ಬೆಟ್ಟದ ರಸ್ತೆ ಕುಸಿಯದ ಹಾಗೆ ಅದರ ಅಂಚಿಗೆ ಸಿಮೆಂಟಿಲ್ಲದೆ, ಗಾರೆಯಿಲ್ಲದೆ, ಬರೀ ಕಲ್ಲಿಗೆ ಕಲ್ಲು ಕೂಡಿಸಿ ಗೋಡೆ ಎಬ್ಬಿಸುತ್ತಿದ್ದರು. ತಾಯಿ ಬೇಗ ತೀರಿಕೊಂಡಿದ್ದರಿಂದ ಮೂವರು ಹೆಣ್ಣುಮಕ್ಕಳಲ್ಲಿ ಹಿರಿಯಳಾದ ಇವರನ್ನು ಅಪ್ಪ ಕೆಲಸಕ್ಕೆ ಜೊತೆಯಲ್ಲೇ ಕರೆದೊಯ್ಯುತ್ತಿದ್ದರು. ಹದಿಮೂರರ ವಯಸ್ಸಿಗೆ ಬುಟ್ಟಿಯಲ್ಲಿ ಚೂರುಕಲ್ಲು ಹೊರುವುದು, ಹದಿನಾರಕ್ಕೆ ಕಲ್ಲು ಆರಿಸುವುದು, ಇಪ್ಪತ್ತಕ್ಕೆ ಅಪ್ಪನ ಪಕ್ಕ ನಿಂತು ಕಟ್ಟುವುದು.

"ಅಪ್ಪ ಜಾಸ್ತಿ ಮಾತಾಡ್ತಿರಲಿಲ್ಲ. ಒಂದು ಕಲ್ಲಿನ ಮೇಲೆ ಎರಡು ಕೂರಬೇಕು, ಎರಡರ ಸಂದಿ ಮೇಲೆ ಒಂದು ಕೂರಬೇಕು. ಉದ್ದ ಕಲ್ಲಿನ ತಲೆ ಹೊರಗೆ, ಬಾಲ ಬೆಟ್ಟದೊಳಗೆ. ಇಷ್ಟೇ ಪಾಠ. ನಾನು ತಪ್ಪು ಇಟ್ಟರೆ ಬೈತಿರಲಿಲ್ಲ, ಸುಮ್ಮನೆ ತೆಗೆದು ಪಕ್ಕಕ್ಕೆ ಇಡ್ತಿದ್ರು. ಅದು ಬೈಗುಳಕ್ಕಿಂತ ಉರಿ."

ಆಮೇಲೆ ಕಾಂಕ್ರೀಟ್ ಬಂತು. ಲಾರಿಯಲ್ಲಿ ಬಂದು ಸುರಿದು, ಮೂರು ದಿನದಲ್ಲಿ ಗೋಡೆ ಎಬ್ಬಿಸಿ ಹೋಗುವವರ ಮುಂದೆ ಕೈಯಲ್ಲಿ ಕಲ್ಲು ತಿರುಗಿಸಿ ನೋಡುವವರನ್ನು ಕೇಳುವವರಿಲ್ಲದಾಯಿತು. ಅಪ್ಪನ ತಂಡ ಚೆದುರಿತು. ಅಪ್ಪ ಅದೇ ಕೊರಗಿನಲ್ಲಿ ಎರಡು ವರ್ಷವಷ್ಟೇ ಬದುಕಿದ್ದರು. ಮಗಳು ಬಸ್ ನಿಲ್ದಾಣದ ಹೋಟೆಲಿನಲ್ಲಿ ಪಾತ್ರೆ ತೊಳೆದರು, ಲಾಂಡ್ರಿಯಲ್ಲಿ ಹೊದಿಕೆ ಒಗೆದರು, ಕೊನೆಗೆ ಜೀಪ್ ಪ್ರವಾಸದ ಕಂಪನಿಗೆ ಅಡುಗೆ ಸಹಾಯಕ್ಕೆಂದು ಸೇರಿದರು.

ಅಲ್ಲಿ ಮೊದಲ ವಾರವೇ ಒಂದು ಗಾಡಿ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡು ಒದ್ದಾಡುತ್ತಿತ್ತು. ಸುತ್ತ ಎಂಟು ಗಂಡಸರು, ಎಂಟು ಸಲಹೆ. ಕಲ್ಲಕ್ಕ ಹಳ್ಳದ ಪಕ್ಕ ಕೂತು ತಪ್ಪಲೆ ಉಜ್ಜುತ್ತಿದ್ದರು. ಒಂದು ಗಂಟೆ ತಡೆದುಕೊಂಡರು. ಆಮೇಲೆ ಎದ್ದು ಬಂದು, ಒದ್ದೆ ಕೈಯಲ್ಲೇ, "ಎಡಕ್ಕೆ ಒಂದು ಗೇಣು, ಆಮೇಲೆ ನೇರ," ಎಂದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸ್ಟೇರಿಂಗ್ ಮುಂದಿದ್ದ ತಂಡದ ನಾಯಕರು ಮಾತ್ರ ಬೇಸತ್ತು, ಅದನ್ನೂ ಒಂದು ಕೈ ನೋಡೇಬಿಡೋಣ ಎಂದು ಹಾಗೇ ಮಾಡಿದರು. ಗಾಡಿ ಈಚೆ ಬಂತು. "ಮಾರನೇ ದಿನದಿಂದ ಪಾತ್ರೆ ತೊಳೆಯೋಕೆ ಬೇರೆಯವರನ್ನು ನೋಡಿಕೊಂಡೆ," ಎನ್ನುತ್ತಾರೆ ನಾಯಕರು. ಪ್ರವಾಸದಲ್ಲಿ ಎಲ್ಲರೂ ಅವರನ್ನು ಕ್ಯಾಪ್ಟನ್ ಎನ್ನುತ್ತಾರೆ.

ಹನ್ನೊಂದು ವರ್ಷದಲ್ಲಿ ಕಲ್ಲಕ್ಕನ ಕೈಕೆಳಗೆ ಒಂದು ಗಾಡಿಯೂ ಉರುಳಿಲ್ಲ. ಆದರೆ ಈ ಲೇಖನ ಬರೆಯಬೇಕೆನಿಸಿದ್ದು ಅದಕ್ಕಲ್ಲ. ಕಳೆದ ಸೀಸನ್ನಿನ ಕೊನೆಯ ಪ್ರವಾಸದ ಮೂರನೇ ದಿನ ನಡೆದದ್ದಕ್ಕೆ.

ಆ ಸಲ ಆರು ಗಾಡಿ, ಹದಿನೆಂಟು ಜನ. ಎರಡನೇ ದಿನ ಎಲ್ಲರೂ ದೊಡ್ಡ ಹಳ್ಳವೊಂದನ್ನು ದಾಟಿ ಎತ್ತರದ ಬಯಲಿನಲ್ಲಿ ತಂಗಿದ್ದರು. ಇರುಳೆಲ್ಲ ಮಳೆ ಹೊಡೆಯಿತು. ಬೆಳಿಗ್ಗೆ ಆರಕ್ಕೆ ಒಂದು ಟೆಂಟಿನಿಂದ ನರಳಾಟ ಕೇಳಿಸಿತು. ಗಂಡನ ಜೊತೆ ಪ್ರವಾಸಕ್ಕೆ ಬಂದಿದ್ದ ಗಣಿತದ ಟೀಚರ್‌ಗೆ ಹೊಟ್ಟೆಯ ಬಲಭಾಗದಲ್ಲಿ ತಾಳಲಾರದ ನೋವು, ಜೊತೆಗೆ ವಾಂತಿ, ಜ್ವರ. ಗುಂಪಿನಲ್ಲಿದ್ದ ಒಬ್ಬರೇ ಡಾಕ್ಟರು ಹಲ್ಲಿನ ಡಾಕ್ಟರು. ಅವರು ಹೊಟ್ಟೆ ಒತ್ತಿ ನೋಡಿ ಕೈ ತೆಗೆದ ಕ್ಷಣಕ್ಕೆ ಟೀಚರ್ ಚೀರಿದರು. "ನನ್ನ ಕಸುಬು ಬಾಯಿಯೊಳಗೆ ಮುಗಿಯುತ್ತೆ," ಎಂದರು ಡಾಕ್ಟರು. "ಆದರೂ ಇದು ಅಪೆಂಡಿಕ್ಸ್ ಅಂತ ಹೇಳಬಲ್ಲೆ. ಇವತ್ತು ಸಂಜೆಯೊಳಗೆ ಆಸ್ಪತ್ರೆ ಸೇರಬೇಕು. ಒಡೆದರೆ ಕಷ್ಟ."

ಟೆಂಟ್ ಮಡಚಿ ಹೊರಟರು. ಮುಂದೆ ಮುಕ್ಕಾಲು ಕಿಲೋಮೀಟರು ಹೋಗುವಷ್ಟರಲ್ಲಿ, ಮೊದಲೇ ದಾರಿ ನೋಡಲು ಹೋಗಿದ್ದ ಕಲ್ಲಕ್ಕ ಎದುರಿನಿಂದ ಮುಷ್ಟಿ ಬಿಗಿದು ಓಡಿಬರುತ್ತಿರುವುದು ಕಂಡಿತು. ಅವರು ಓಡಿದ್ದನ್ನು ಆವರೆಗೆ ಯಾರೂ ಕಂಡಿರಲಿಲ್ಲ.

ಬೆಟ್ಟದ ಕೆನ್ನೆಗೆ ಅಂಟಿಕೊಂಡಂತಿದ್ದ ದಾರಿ ಒಂದು ಕಡೆ ಅರ್ಧಕ್ಕರ್ಧ ಜಾರಿಹೋಗಿತ್ತು. ಹತ್ತಡಿ ಉದ್ದಕ್ಕೆ ಹೊರ ಅಂಚೇ ಇಲ್ಲ. ಉಳಿದದ್ದು ನಾಲ್ಕಡಿ ಅಗಲ. ಒಬ್ಬ ಮನುಷ್ಯ ನಡೆದು ದಾಟಬಹುದು, ಜೀಪು ದಾಟುವಂತಿಲ್ಲ. ಹಿಂದಕ್ಕೆ ಹೋಗೋಣವೆಂದರೆ ನಿನ್ನೆ ದಾಟಿದ್ದ ಹಳ್ಳ ಎದೆಮಟ್ಟ ಏರಿತ್ತು. ಕ್ಯಾಪ್ಟನ್ ವೈರ್‌ಲೆಸ್‌ನಲ್ಲಿ ಕೆಳಗಿನ ಕಚೇರಿಯನ್ನು ಹಿಡಿದರು. ಮೋಡ ಇಳಿದಿದೆ, ಹೆಲಿಕಾಪ್ಟರ್ ಬರುವುದಿಲ್ಲ. ಆಂಬುಲೆನ್ಸ್ ಡಾಂಬರು ರಸ್ತೆಯ ಕೊನೆಯವರೆಗೆ ಬಂದು ನಿಲ್ಲುತ್ತದೆ ಎಂಬ ಉತ್ತರ ಬಂತು. ಡಾಂಬರು ರಸ್ತೆ ಅಲ್ಲಿಂದ ಹದಿನೇಳು ಕಿಲೋಮೀಟರು. ಆ ದಾರಿಯಲ್ಲಿ ಹತ್ತಿ ಬರಬಲ್ಲ ಗಾಡಿಗಳೆಲ್ಲ ಇಲ್ಲೇ ಸಾಲಾಗಿ ನಿಂತಿದ್ದವು.

ಹೊತ್ತುಕೊಂಡು ಹೋಗೋಣ ಎಂದರು ಕೆಲವರು. ಒದ್ದೆ ಬಂಡೆಗಳ ಮೇಲೆ ನರಳುವ ರೋಗಿಯನ್ನು ಹೊತ್ತು ಹದಿನೇಳು ಕಿಲೋಮೀಟರು ಇಳಿಯುವಷ್ಟರಲ್ಲಿ ಕತ್ತಲಾಗುತ್ತಿತ್ತು. ಆಗ ಬಿಳಿ ಜೀಪಿನ ಯಜಮಾನರು ಮುಂದೆ ಬಂದರು. ಊರಿನಲ್ಲಿ ದೊಡ್ಡ ಕಾರು ಮಾರಾಟದ ಮಳಿಗೆ ಇಟ್ಟವರು, ಗುಂಪಿನಲ್ಲೆಲ್ಲ ಹೊಸದಾದ, ಉದ್ದನೆಯ ಗಾಡಿ ಅವರದು. ಒಳಗಿನ ಎರಡು ಚಕ್ರ ಬೆಟ್ಟದ ಗೋಡೆಗೆ ಹತ್ತಿಸಿ, ಹೊರಗಿನ ಎರಡು ಉಳಿದ ಅಂಚಿನಲ್ಲಿ ಇಟ್ಟು, ವೇಗವಾಗಿ ಹಾಯಿಸಿಬಿಡುತ್ತೇನೆ ಎಂದರು.

ಕಲ್ಲಕ್ಕ ಉಳಿದ ಅಂಚಿಗೆ ಹೋಗಿ ಸರಳನ್ನು ನೆಟ್ಟಗೆ ನಿಲ್ಲಿಸಿ ಮೈಭಾರ ಹಾಕಿದರು. ಸರಳು ಬೆಣ್ಣೆಯಲ್ಲಿ ಇಳಿದಂತೆ ಹಿಡಿಯವರೆಗೂ ಇಳಿಯಿತು. "ಇಲ್ಲಿ ಚಕ್ರ ಇಡ್ತೀರಾ?" ಎಂದು ಕೇಳಿದರು.

ಯಜಮಾನರು ಒಂದು ಹೆಜ್ಜೆ ಹಿಂದಕ್ಕೆ ಸರಿದರು.

ಕಲ್ಲಕ್ಕ ಹೊಟ್ಟೆಯ ಮೇಲೆ ಮಲಗಿ ಕುಸಿದ ಜಾಗದ ಕೆಳಗೆ ಇಣುಕಿದರು. ಐದಡಿ ಕೆಳಗೆ ಗಟ್ಟಿ ಬಂಡೆಯ ಚಾಚು ಕಂಡಿತು, ಒಳಕ್ಕೆ ಸ್ವಲ್ಪ ವಾಲಿಕೊಂಡಂತಿತ್ತು. ಎದ್ದು ಮಣ್ಣು ಕೊಡವಿಕೊಂಡು ಕ್ಯಾಪ್ಟನ್ ಹತ್ತಿರ ಬಂದು, "ನಂಗೆ ಐದು ಗಂಟೆ ಟೈಮು ಕೊಡಿ, ಈ ಜನಾನೂ ಕೊಡಿ. ಗೋಡೆ ಕಟ್ಟಿ ದಾಟಿಸ್ತೀನಿ," ಎಂದರು.

"ಐದು ಗಂಟೇಲಿ ಗೋಡೆನಾ, ಕಲ್ಲಕ್ಕ?"

"ಹತ್ತಡಿ ಉದ್ದ, ಐದಡಿ ಎತ್ತರ. ಅಪ್ಪನ ಜೊತೆ ಇಬ್ಬರೇ ಇದ್ದಾಗ ನಾಲ್ಕು ದಿನ ಆಗ್ತಿತ್ತು. ಇಲ್ಲಿ ಕೈ ಎಷ್ಟಿದೆ ನೋಡಿ."

"ತಡೆಯುತ್ತಾ?"

"ತಡೆಯದ ಗೋಡೆ ಕಟ್ಟೋದು ನನಗೆ ಕಲಿಸಿಲ್ಲ."

ಯಜಮಾನರಿಗೆ ಅಲ್ಲಿಗೆ ತಡೆಯಲಾಗಲಿಲ್ಲ. ಪಾತ್ರೆ ತೊಳೆಯುತ್ತಿದ್ದವರ ಮಾತು ಕಟ್ಟಿಕೊಂಡು ಒಂದು ಜೀವ ಪಣಕ್ಕಿಡುತ್ತೀರಾ ಎಂದು ಕ್ಯಾಪ್ಟನ್ ಮೇಲೆ ಹಾಯ್ದರು. ಕ್ಯಾಪ್ಟನ್ ಗಡಿಯಾರ ನೋಡಿದರು. ಏಳೂಮುಕ್ಕಾಲು. ಹೊತ್ತುಕೊಂಡು ಹೋದರೆ ತಲುಪುವುದು ಕತ್ತಲಿಗೆ. ಗೋಡೆ ಒಂದು ಗಂಟೆಗೆ ಮುಗಿದರೆ ತಲುಪುವುದು ನಾಲ್ಕಕ್ಕೆ. ಅವರು ಜಾಕೀಟು ಬಿಚ್ಚಿ ಬಾನೆಟ್ಟಿನ ಮೇಲೆ ಎಸೆದು, "ಮೊದಲ ಕಲ್ಲು ಎಲ್ಲಿಂದ ತರ್ಲಿ, ಹೇಳಿ," ಎಂದರು.

ಮುಂದಿನ ಐದು ಗಂಟೆ ಆ ಬೆಟ್ಟದ ಕೆನ್ನೆಯಲ್ಲಿ ನಡೆದದ್ದನ್ನು ಅಲ್ಲಿದ್ದವರು ಒಬ್ಬೊಬ್ಬರೂ ಒಂದೊಂದು ಥರ ಹೇಳುತ್ತಾರೆ. ಒಂದು ಮಾತು ಮಾತ್ರ ಎಲ್ಲರದೂ ಒಂದೇ: ಕಲ್ಲಕ್ಕ ಅಷ್ಟು ಮಾತಾಡಿದ್ದನ್ನು ಅವರು ಅವತ್ತೇ ಕೇಳಿದ್ದು. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಅವರು ಕೆಳಗಿನ ಚಾಚಿನ ಮೇಲೆ ಇಳಿದರು. ಹಗ್ಗದ ಇನ್ನೊಂದು ತುದಿ ಜೀಪಿಗೆ. ಮೇಲಿದ್ದವರು ಸಾಲಾಗಿ ನಿಂತರು. ದಾರಿಯ ಒಳಮಗ್ಗುಲಲ್ಲಿ ಕುಸಿದು ರಾಶಿ ಬಿದ್ದ ಕಲ್ಲು ಕೈಯಿಂದ ಕೈಗೆ ದಾಟುತ್ತ ಬಂತು. ಕಲ್ಲಕ್ಕ ಒಂದೊಂದನ್ನೂ ತಿರುಗಿಸಿ ನೋಡಿ ತೀರ್ಪು ಕೊಡುತ್ತಿದ್ದರು. "ಇದು ತಳಕ್ಕೆ." "ಇದು ದುಂಡಗಿದೆ, ಬೇಡ, ಚೆಂಡಾಡೋಕೆ ಇಟ್ಕೊಳ್ಳಿ." "ಉದ್ದದ್ದು ತನ್ನಿ, ಉದ್ದದ್ದು. ನಿಮ್ಮ ತೋಳಿನಷ್ಟು."

ಉದ್ದನೆಯ ಕಲ್ಲುಗಳ ಬಾಲವನ್ನು ಬೆಟ್ಟದೊಳಕ್ಕೆ ತೂರಿಸಿ ನಿಲ್ಲಿಸಿದರು. ಗೋಡೆಯನ್ನು ನೆಟ್ಟಗೆ ಎಬ್ಬಿಸದೆ ಬೆಟ್ಟಕ್ಕೆ ಒರಗಿದಂತೆ ಒಳಕ್ಕೆ ವಾಲಿಸಿದರು. ಹಿಂದಿನ ಪೊಳ್ಳಿಗೆ ಮಣ್ಣು ತುಂಬಲು ಹೋದ ಮೆಕ್ಯಾನಿಕ್ಕನ್ನು ತಡೆದರು. "ಮಣ್ಣು ಬೇಡ, ನೀರು ಕುಡಿದು ಉಬ್ಬುತ್ತೆ. ಚೂರುಕಲ್ಲು ತುಂಬಿ. ಬುಟ್ಟಿ ಸುರಿದ ಹಾಗೆ ಸುರೀಬೇಡಿ, ಒಂದೊಂದೇ ಕೂರಿಸಿ, ಊಟಕ್ಕೆ ಕೂರಿಸಿದ ಹಾಗೆ." ಹಲ್ಲಿನ ಡಾಕ್ಟರಿಗೆ ಆ ಕೆಲಸ ಚೆನ್ನಾಗಿ ಒಗ್ಗಿತು. ಸಂದಿಯಲ್ಲಿ ಚೂರು ಕೂರಿಸುವುದರಲ್ಲಿ ಅವರದು ಪಳಗಿದ ಕೈ ಎಂದು ಕಲ್ಲಕ್ಕ ಈಗಲೂ ಹೊಗಳುತ್ತಾರೆ. ಡಾಕ್ಟರು ಅರ್ಧ ಗಂಟೆಗೊಮ್ಮೆ ಎದ್ದುಹೋಗಿ ಟೀಚರ್ ನಾಡಿ ನೋಡಿ ಬಂದು ಮತ್ತೆ ಕೂರುತ್ತಿದ್ದರು. ಟೀಚರ್ ಗಂಡ ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಒದ್ದೆ ಬಟ್ಟೆಯಿಂದ ಹಣೆ ಒರೆಸುತ್ತ, ಗೋಡೆ ಎಷ್ಟಡಿ ಎದ್ದಿತು ಎಂದು ಅವರಿಗೆ ಹೇಳುತ್ತಲೇ ಇದ್ದರು.

ಬಿಳಿ ಜೀಪಿನ ಯಜಮಾನರು ಮೊದಲ ಅರ್ಧ ಗಂಟೆ ದೂರ ನಿಂತಿದ್ದರು. ಆಮೇಲೆ ಯಾರೂ ಕರೆಯದೆ ಬಂದು ಸಾಲಿನ ಮಧ್ಯೆ ಸೇರಿಕೊಂಡರು. ಹತ್ತು ಗಂಟೆಯ ಹೊತ್ತಿಗೆ ಅವರ ಅಂಗೈ ಕಿತ್ತುಹೋಗಿತ್ತು. ಕಲ್ಲಕ್ಕ ತಮ್ಮ ಗವಸು ಬಿಚ್ಚಿ ಮೇಲಕ್ಕೆ ಎಸೆದರು. ಅವರು ಹಾಕಿಕೊಂಡು ಮುಂದಿನ ಕಲ್ಲಿಗೆ ಕೈ ಚಾಚಿದರು.

ಹನ್ನೆರಡೂಮುಕ್ಕಾಲಿಗೆ ಕೊನೆಯ ಹಾಸುಗಲ್ಲು ಕೂತಿತು. ದಾರಿ ಮತ್ತೆ ಎಂಟಡಿ ಅಗಲವಾಯಿತು. ಮೊದಲು ಕ್ಯಾಪ್ಟನ್ ತಮ್ಮ ಗಾಡಿಯನ್ನು ಒಬ್ಬರೇ ದಾಟಿಸಿದರು. ಗೋಡೆ ಮಿಸುಕಲಿಲ್ಲ. ಆಮೇಲೆ ಟೀಚರ್ ಸರದಿ. ಅವರನ್ನು ಕಾಲು ಚಾಚಿ ಮಲಗಿಸಲು ಜಾಗವಿದ್ದದ್ದು ಉದ್ದನೆಯ ಬಿಳಿ ಜೀಪಿನಲ್ಲಿ ಮಾತ್ರ. ಸ್ಟೇರಿಂಗ್ ಮುಂದೆ ಕೂತ ಯಜಮಾನರು ಗಾಜು ಇಳಿಸಿ, ಗವಸನ್ನು ವಾಪಸ್ ಕೊಟ್ಟು, "ಹೇಗೆ ಹೇಳ್ತೀರೋ ಹಾಗೆ, ಕಲ್ಲಕ್ಕ," ಎಂದರು.

ಕಲ್ಲಕ್ಕ ಗೋಡೆಯ ಹೊರ ಅಂಚಿನಲ್ಲಿ, ತಾವೇ ಇಟ್ಟ ಕಲ್ಲುಗಳ ಮೇಲೆ ನಿಂತು ಕೈ ಎತ್ತಿದರು. ಅವರ ಬೆನ್ನ ಹಿಂದೆ ಕಣಿವೆ. ಬೆರಳು ಮಡಚಿ ಎಳೆದರು. ಗಾಡಿ ಬಂತು. ಒಂದು ಗೇಣು, ಇನ್ನೊಂದು ಗೇಣು. ಮುಂದಿನ ಚಕ್ರಗಳು ಗೋಡೆ ದಾಟಿದವು. ಹಿಂದಿನ ಹೊರಚಕ್ರ ಗೋಡೆಯ ನಡುಮಧ್ಯಕ್ಕೆ ಬಂದಾಗ ಎಲ್ಲೋ ಒಳಗೆ 'ಕಟ್' ಎಂದಿತು.

ಮುಷ್ಟಿ ಬಿಗಿಯಿತು. ಗಾಡಿ ನಿಂತಿತು.

ಕಲ್ಲಕ್ಕ ಮಂಡಿಯೂರಿ ಚಕ್ರದ ಪಕ್ಕ ಕಿವಿಯನ್ನು ಕಲ್ಲಿಗೆ ಆನಿಸಿದರು. ಅಷ್ಟು ಭಾರದ ಗಾಡಿ, ಒಳಗೆ ನರಳುವ ಹೆಣ್ಣುಮಗಳು, ಹೊರಗೆ ಪ್ರಪಾತ. ಅವರು ನಿಧಾನವಾಗಿ ಅಂಚಿನಿಂದ ಕೆಳಗೆ ಕೈ ಇಳಿಬಿಟ್ಟು ಒಂದು ಸಂದಿಯನ್ನು ಬೆರಳಿನಿಂದ ತಡವಿದರು. ಜೇಬಿನಿಂದ ಚಪ್ಪಟೆ ಚೂರೊಂದನ್ನು ತೆಗೆದು ಅಲ್ಲಿಗೆ ತೂರಿಸಿ, ಸೊಂಟಕ್ಕೆ ಸಿಕ್ಕಿಸಿದ್ದ ಸುತ್ತಿಗೆಯಿಂದ ಮೂರು ಪೆಟ್ಟು ಹಾಕಿದರು. ಮತ್ತೆ ಕಿವಿ ಆನಿಸಿದರು. ಎದ್ದರು. ಬೆರಳು ಮಡಚಿ ಎಳೆದರು. ಗಾಡಿ ದಾಟಿತು.

"ಕಲ್ಲು ಕೂರುವಾಗ ಒಂದು ಸದ್ದು ಮಾಡುತ್ತೆ, ಜಾರುವಾಗ ಒಂದು ಸದ್ದು ಮಾಡುತ್ತೆ," ಎನ್ನುತ್ತಾರೆ ಕಲ್ಲಕ್ಕ. "ಅದು ಕೂತ ಸದ್ದು. ನನಗೆ ಗೊತ್ತಿತ್ತು. ಆದರೂ ಒಳಗೊಬ್ಬಳು ಮಲಗಿದ್ದಾಳಲ್ಲ, ಗೊತ್ತಿದ್ರೆ ಸಾಲದು, ಮುಟ್ಟಿ ನೋಡಬೇಕು."

ಉಳಿದ ನಾಲ್ಕು ಗಾಡಿಗಳು ಒಂದರ ಹಿಂದೊಂದು ದಾಟಿದವು. ಕೊನೆಯದು ಆಚೆ ದಡ ಮುಟ್ಟಿದಾಗ ಹಲ್ಲಿನ ಡಾಕ್ಟರು ಮಣ್ಣುಮೆತ್ತಿದ ಕೈಯಲ್ಲೇ ಚಪ್ಪಾಳೆ ತಟ್ಟತೊಡಗಿದರು, ಮೆಕ್ಯಾನಿಕ್ಕುಗಳು ಸೀಟಿ ಹೊಡೆದರು, ಅಡುಗೆಯವರು ತಪ್ಪಲೆ ಬಡಿದರು. ಆ ಗದ್ದಲ ಎದುರಿನ ಬೆಟ್ಟಕ್ಕೆ ಬಡಿದು ವಾಪಸ್ ಬಂತು. ಬಿಳಿ ಜೀಪು ಅಷ್ಟರಲ್ಲಾಗಲೇ ಕ್ಯಾಪ್ಟನ್ ಗಾಡಿಯ ಹಿಂದೆ ಅರ್ಧ ಕಿಲೋಮೀಟರು ಇಳಿದಿತ್ತು. ಯಜಮಾನರು ಕಿಟಕಿಯಿಂದ ಕೈ ಹೊರಹಾಕಿ ಬೀಸಿದರು. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಡಾಂಬರು ರಸ್ತೆಯಲ್ಲಿ ಆಂಬುಲೆನ್ಸಿನ ಬಾಗಿಲು ತೆರೆಯಿತು. ಐದೂವರೆಗೆ ಶಸ್ತ್ರಚಿಕಿತ್ಸೆ. ಅಪೆಂಡಿಕ್ಸ್ ಇನ್ನೂ ಒಡೆದಿರಲಿಲ್ಲ. ಇನ್ನು ಕೆಲವು ಗಂಟೆ ತಡವಾಗಿದ್ದರೆ ಇಷ್ಟು ಸಲೀಸಾಗಿ ಹೇಳುತ್ತಿರಲಿಲ್ಲ ಎಂದರಂತೆ ಅಲ್ಲಿನ ಡಾಕ್ಟರು.

ಟೀಚರ್ ಈಗ ಆರೋಗ್ಯವಾಗಿದ್ದಾರೆ, ಶಾಲೆಗೆ ಹೋಗುತ್ತಿದ್ದಾರೆ. "ಮಲಗಿದ್ದ ನನಗೆ ಗಾಜಿನ ಆಚೆ ಕಾಣ್ತಾ ಇದ್ದದ್ದು ಎರಡು ಕೈ ಮಾತ್ರ," ಎಂದು ಅವರು ಫೋನಿನಲ್ಲಿ ಹೇಳಿದರು. "ಆ ಕೈ ಸ್ವಲ್ಪಾನೂ ನಡುಗ್ತಿರಲಿಲ್ಲ. ಹಾಗಾದ್ರೆ ನಾನೂ ಹೆದರಬೇಕಾಗಿಲ್ಲ ಅಂದುಕೊಂಡೆ." ಬಿಳಿ ಜೀಪಿನ ಯಜಮಾನರು ಈ ಸೀಸನ್ನಿನಲ್ಲೂ ಹೆಸರು ನೋಂದಾಯಿಸಿದ್ದಾರೆ. "ಪಾತ್ರೆ ತೊಳೆಯೋರು ಅಂದಿದ್ದೆ. ಆ ಮಾತು ವಾಪಸ್ ತಗೊಳ್ಳೋಕೆ ಆಗಲ್ಲ, ಅದಕ್ಕೆ ವರ್ಷಕ್ಕೊಂದು ಸಲ ಬಂದು ಅವರ ಮುಂದೆ ಬಾಯಿ ಮುಚ್ಕೊಂಡು ಗಾಡಿ ಓಡಿಸ್ತೀನಿ," ಎನ್ನುತ್ತಾರೆ.

ಕತೆ ಇಲ್ಲಿಗೆ ಮುಗಿಯಲಿಲ್ಲ. ಎರಡು ವಾರದ ಮೇಲೆ ರಸ್ತೆ ಕಚೇರಿಯ ಎಂಜಿನಿಯರ್ ಆ ಜಾಗ ನೋಡಲು ಬಂದರು. ತಾತ್ಕಾಲಿಕ ಗೋಡೆ ಕೆಡವಿ ಕಾಂಕ್ರೀಟ್ ಹಾಕಿಸುವುದೆಂದು ಮೊದಲೇ ತೀರ್ಮಾನವಾಗಿತ್ತು. ಅವರು ಗೋಡೆಯ ಮೇಲೆ ನಡೆದರು, ಸಂದಿಗೆ ಕಂಬಿ ಹಾಕಿ ಮೀಟಿದರು, ಕೆಳಗೆ ಇಳಿದು ನೀರು ಎಲ್ಲಿಂದ ಹೊರಹೋಗುತ್ತದೆ ಎಂದು ನೋಡಿದರು. ಕಾಲು ಗಂಟೆಯ ಮೇಲೆ ಹತ್ತಿ ಬಂದು, "ಯಾವ ಮೇಸ್ತ್ರಿ ಕಟ್ಟಿದ್ದು?" ಎಂದು ಕೇಳಿದರು. ಕ್ಯಾಪ್ಟನ್ ಪಕ್ಕಕ್ಕೆ ಸರಿದು ಕಲ್ಲಕ್ಕನ ಕಡೆ ಕೈ ತೋರಿಸಿದರು.

ಎಂಜಿನಿಯರ್ ಅವರ ಕಡೆ ತಿರುಗಿ, "ಅಮ್ಮ, ಇಂಥದ್ದು ಇನ್ನೂ ಎರಡು ಕಡೆ ಕುಸಿದಿದೆ. ಅಲ್ಲಿಗೆ ಕಾಂಕ್ರೀಟ್ ಲಾರಿ ಹೋಗಲ್ಲ. ಕಟ್ಟಿಕೊಡ್ತೀರಾ?" ಎಂದರು.

"ಕಟ್ಟಿಕೊಡಲ್ಲ. ಕಲಿಸಿಕೊಡ್ತೀನಿ. ನನ್ನ ಜೊತೆಗೆ ಕಲಿಯೋ ಜನ ಕೊಡಿ," ಎಂದರು ಕಲ್ಲಕ್ಕ.

ಈ ವಸಂತದಲ್ಲಿ ರಸ್ತೆ ಕಚೇರಿಯ ಹಾಜರಿ ಪುಸ್ತಕದಲ್ಲಿ, ಮೇಸ್ತ್ರಿ ಎಂಬ ಕಾಲಮ್ಮಿನ ಕೆಳಗೆ, ಮೊದಲ ಬಾರಿಗೆ ಒಬ್ಬ ಹೆಂಗಸಿನ ಹೆಸರು ಬಿದ್ದಿದೆ. ಕೈಕೆಳಗೆ ಒಂಬತ್ತು ಜನ, ಅದರಲ್ಲಿ ಐವರು ಹೆಂಗಸರು. ಪ್ರವಾಸದ ಸೀಸನ್ ಇಲ್ಲದ ತಿಂಗಳುಗಳಲ್ಲಿ ಈ ಕೆಲಸ. ಆ ಎರಡು ಗೋಡೆ ಮುಗಿದಿವೆ, ಆಮೇಲೆ ಸಿಕ್ಕ ಮೂರನೆಯದರ ತಳಪಾಯ ಹಾಕಿದ್ದಾಗಿದೆ. ತಂಡದಲ್ಲಿ ಯಾರಾದರೂ ಕಲ್ಲು ತಪ್ಪಾಗಿ ಇಟ್ಟರೆ ಏನು ಮಾಡುತ್ತೀರಿ, ನಿಮ್ಮ ಅಪ್ಪನಂತೆ ಸುಮ್ಮನೆ ತೆಗೆದಿಡುತ್ತೀರಾ ಎಂದು ಕೇಳಿದರೆ ತಲೆ ಅಲ್ಲಾಡಿಸುತ್ತಾರೆ. "ಇಲ್ಲ, ನಾನು ಹೇಳ್ತೀನಿ. ಯಾಕೆ ತಪ್ಪು, ಎಲ್ಲಿ ತಪ್ಪು, ಎಲ್ಲಾನೂ. ಅಪ್ಪ ಹೇಳಿದ್ದಿದ್ರೆ ನಾನು ಎರಡು ವರ್ಷ ಮುಂಚೆನೇ ಕಲೀತಿದ್ದೆ." ಆಮೇಲೆ ಸೇರಿಸುತ್ತಾರೆ: "ಆದ್ರೆ ಈಗ ಇದ್ದಿದ್ರೆ ಹಾಜರಿ ಪುಸ್ತಕ ತೋರಿಸ್ತಿದ್ದೆ."

ಕಳೆದ ಗುರುವಾರ ಅವರ ಜೊತೆ ಆ ಮೊದಲ ಗೋಡೆ ನೋಡಲು ಹೋದೆವು. ಒಂದು ಚಳಿಗಾಲ, ಒಂದು ಮಳೆಗಾಲ ಕಳೆದಿದೆ. ಕಲ್ಲಿನ ಸಂದಿಗಳಲ್ಲಿ ಹುಲ್ಲು ಮೊಳೆತಿದೆ. ತಿಳಿಯದವರಿಗೆ ಅದು ಬೆಟ್ಟದ್ದೇ ಒಂದು ಭಾಗವೆನ್ನಿಸುತ್ತದೆ. ಈಗ ಆ ದಾರಿಯಲ್ಲಿ ಪ್ರವಾಸದ ಜೀಪುಗಳಷ್ಟೇ ಅಲ್ಲ, ಮೇಲಿನ ಬಯಲಿನಲ್ಲಿ ಕುರಿ ಕಾಯುವವರಿಗೆ ಸಾಮಾನು ಒಯ್ಯುವ ಸಣ್ಣ ಟ್ರಕ್ಕೂ ವಾರಕ್ಕೆರಡು ಸಲ ಓಡಾಡುತ್ತದೆ. ನಾವು ನಿಂತಿದ್ದಾಗಲೇ ಅದು ತಿರುವಿನಲ್ಲಿ ಕಾಣಿಸಿತು. ಹಿಟ್ಟಿನ ಮೂಟೆ, ಗ್ಯಾಸ್ ಸಿಲಿಂಡರುಗಳು, ಮೇಲೆ ಕಟ್ಟಿದ ಒಂದು ಕಬ್ಬಿಣದ ಮಂಚ. ಕ್ಯಾಬಿನ್ನಿನಲ್ಲಿ ರೇಡಿಯೋ ಹಾಡುತ್ತಿತ್ತು. ಕಲ್ಲಕ್ಕ ದಾರಿಬಿಟ್ಟು ಬೆಟ್ಟಕ್ಕೆ ಬೆನ್ನು ಒತ್ತಿ ನಿಂತರು. ಕಣ್ಣು ಮಾತ್ರ ಹೊರಚಕ್ರದ ಮೇಲೆ. ಟ್ರಕ್ಕು ಗೋಡೆಯ ಮೇಲೆ ಬಂತು, ದಾಟಿತು, ಧೂಳೆಬ್ಬಿಸಿ ಮುಂದಿನ ತಿರುವಿನಲ್ಲಿ ಮರೆಯಾಯಿತು. ಚಾಲಕ ನಮ್ಮ ಕಡೆಯಾಗಲಿ ಗೋಡೆಯ ಕಡೆಯಾಗಲಿ ತಿರುಗಿಯೂ ನೋಡಲಿಲ್ಲ.

ಕಲ್ಲಕ್ಕನ ಮುಖ ಅರಳಿತ್ತು.

"ನೋಡಿದ್ರಾ," ಎಂದರು. "ಬ್ರೇಕ್ ಮುಟ್ಟಲೇ ಇಲ್ಲ."